ಮಳೆಗಾಲ ಕಳೆದ ಬೈಕು: ಜಾಮ್ ಆದ ಬೋಲ್ಟ್ ಬಿಚ್ಚುವುದು ಹೇಗೆ?

ಕೊಡಗಿನಲ್ಲಿ ಬೈಕಿನ ಬೋಲ್ಟುಗಳ ಗತಿ ಏನಾಗಿದೆ ಎಂದು ತಿಳಿಯುವುದು ಆಯುಧಪೂಜೆಯ ಹೊತ್ತಿಗೆ. ಜೂನ್‌ನಿಂದ ತೋಟದ ಕೆಸರಲ್ಲೇ ಓಡಿದ ಗಾಡಿಯನ್ನು ತೊಳೆದು, ಚೈನ್ ಬಿಗಿ ಮಾಡೋಣವೆಂದು ಸ್ಪ್ಯಾನರ್ ಹಾಕಿದರೆ ಹಿಂದಿನ ಆಕ್ಸಲ್ ನಟ್ ಮಿಸುಕುವುದೇ ಇಲ್ಲ. ಸೈಲೆನ್ಸರ್ ಬೋಲ್ಟ್, ಫುಟ್‌ರೆಸ್ಟ್ ಬೋಲ್ಟ್, ಸ್ವಿಂಗ್ ಆರ್ಮ್ ಬೋಲ್ಟ್ ಎಲ್ಲವೂ ಇದೇ ಜಾತಿ.

ಮಳೆಯೊಂದೇ ಇದಕ್ಕೆ ಕಾರಣವಲ್ಲ. ಗೊಬ್ಬರದ ಚೀಲವನ್ನು ಬೈಕಿನಲ್ಲೇ ಸಾಗಿಸುತ್ತೇವೆ. ಉದುರುವ ಪೊಟ್ಯಾಷ್ ಕ್ಲೋರೈಡ್ ಉಪ್ಪು, ಕಡಲತೀರದ ಗಾಳಿಯಂತೆಯೇ ಕಬ್ಬಿಣ ತಿನ್ನುತ್ತದೆ. ಕಾಳುಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ. ಆ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. ಔಷಧಿ ಹೊಡೆದ ದಿನ ಕ್ಯಾನು ಹೊತ್ತ ಬೈಕಿಗೂ ಒಂದು ಬಕೆಟ್ ನೀರು ಸುರಿಯುವುದು ಒಳ್ಳೆಯದು.

ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಉಬ್ಬಲು ಜಾಗವಿಲ್ಲ, ಹಾಗಾಗಿ ಬೆಣೆ ಹೊಡೆದಂತೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಕವರಿನಲ್ಲಿ ಕಥೆ ಬೇರೆ: ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ತೂತು, ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಬೋಲ್ಟಿನ ಸುತ್ತ ಕಂದು ಕಂಡರೆ ಎಣ್ಣೆ ಕೆಲಸ ಮಾಡುತ್ತದೆ. ಬಿಳಿ ಕಂಡರೆ ಎಣ್ಣೆಗಿಂತ ಬಿಸಿಯನ್ನೇ ಹೆಚ್ಚು ನಂಬಬೇಕು.

ಸ್ಪ್ಯಾನರ್ ಹಾಕುವ ಮೊದಲು

ಹೆಚ್ಚಿನ ಬೋಲ್ಟುಗಳು ಹಾಳಾಗುವುದು ತುಕ್ಕಿನಿಂದಲ್ಲ, ಮೊದಲ ಐದು ನಿಮಿಷದ ಆತುರದಿಂದ. 10 ನಂಬರ್ ಸ್ಪ್ಯಾನರ್ ಹಿಡಿಯುವ ಬೋಲ್ಟ್ ಸಾಮಾನ್ಯವಾಗಿ ಎಂ6, ಅಂದರೆ 6 ಮಿ.ಮೀ. ದಪ್ಪ. ಅದನ್ನು ಬಿಗಿ ಮಾಡುವುದೇ ಸುಮಾರು 10 ನ್ಯೂಟನ್ ಮೀಟರ್‌ಗೆ: ಒಂದು ಅಡಿ ಹಿಡಿಕೆಯ ತುದಿಗೆ ಮೂರು ಕಿಲೋ ಚಿಲ್ಲರೆ ಭಾರ ತೂಗಿದಷ್ಟು. ಅದರ ಎರಡು ಪಟ್ಟು ಬಿದ್ದರೆ ತಲೆ ಕಿತ್ತು ಕೈಗೆ ಬರುತ್ತದೆ. ಆದ್ದರಿಂದ ಎಂ6ಗೆ ಸ್ಪ್ಯಾನರಿನ ಹಿಡಿಕೆ ಉದ್ದ ಮಾಡಲು ಪೈಪ್ ಹಾಕಲೇಬಾರದು. ದಪ್ಪನೆಯ ಆಕ್ಸಲ್ ನಟ್ಟಿಗಾದರೆ ಎರಡಡಿ ಪೈಪ್ ಧಾರಾಳವಾಗಿ ಹಾಕಿ.

ತಿರುಗಿಸುವ ದಿಕ್ಕನ್ನೂ ನೋಡಿಕೊಳ್ಳಿ. ಯಮಹಾ ಬೈಕುಗಳ ಬಲಗಡೆ ಕನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ. ಆರ್‌ಎಕ್ಸ್ 100ರ ಕನ್ನಡಿ ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿದವರು ಕಡಿಮೆಯಿಲ್ಲ.

ಮಣ್ಣು ತೊಳೆದು ಒಣಗಿಸಿ. ತಂತಿ ಬ್ರಷ್‌ನಿಂದ ಬೋಲ್ಟಿನ ತಲೆ, ಹಿಂಬದಿಯಲ್ಲಿ ಥ್ರೆಡ್ ಹೊರಗೆ ಇಣುಕಿದ್ದರೆ ಅದನ್ನೂ ಉಜ್ಜಿ. ಹೊರಗೆ ಉಳಿದ ತುಕ್ಕಿನ ಮೇಲೆಯೇ ಬಿಚ್ಚಲು ಹೋದರೆ ನಟ್ ಅರ್ಧ ದಾರಿಯಲ್ಲಿ ಮತ್ತೆ ಕಚ್ಚುತ್ತದೆ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ. ಡಬ್ಲ್ಯೂಡಿ-40 ಎಲ್ಲ ಕಡೆ ಸಿಗುತ್ತದೆ. ಅದಿಲ್ಲದಿದ್ದರೆ ಡೀಸೆಲ್ ಕೂಡ ನಡೆಯುತ್ತದೆ, ನಿಧಾನ ಅಷ್ಟೆ. ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಒಮ್ಮೆ ಹಾಕಿ. ಬೋಲ್ಟಿನ ಸುತ್ತ ಬಟ್ಟೆಯ ಎಳೆ ಸುತ್ತಿ ಅದನ್ನು ನೆನೆಸಿಟ್ಟರೆ ಎಣ್ಣೆ ಹರಿದುಹೋಗದೆ ಒಳಗಿಳಿಯುತ್ತದೆ. ಬ್ರೇಕ್ ಡಿಸ್ಕ್, ಪ್ಯಾಡ್, ಟೈರಿಗೆ ಹನಿಯೂ ತಾಗದಂತೆ ಮುಚ್ಚಿಡಿ.

ಬೆಳಿಗ್ಗೆ ಬೋಲ್ಟಿನ ತಲೆಯ ಮೇಲೆ ಚಪ್ಪಟೆ ಪಂಚ್ ಇಟ್ಟು ಅರ್ಧ ಕಿಲೋ ಸುತ್ತಿಗೆಯಿಂದ ಹತ್ತು ಸಲ ನೇರವಾಗಿ ಬಡಿಯಿರಿ. ಬಲವಾದ ಒಂದು ಏಟಿಗಿಂತ ಹದವಾದ ಹತ್ತು ಏಟು ತುಕ್ಕಿನ ಹಿಡಿತವನ್ನು ಚೆನ್ನಾಗಿ ಬಿರುಕು ಬಿಡಿಸುತ್ತದೆ. ಫುಟ್‌ರೆಸ್ಟ್, ಸೈಲೆನ್ಸರ್ ಬ್ರಾಕೆಟ್‌ಗೆ ಇದು ಸರಿ. ಎಂಜಿನ್ ಕೇಸಿನ ಬೋಲ್ಟಿಗೆ ತೀರಾ ಮೆಲ್ಲಗೆ.

ತಿರುಗಿಸುವುದು

ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ತಲೆಯ ತುದಿಗಳನ್ನಷ್ಟೇ ಹಿಡಿದು ಸವೆಸುತ್ತದೆ. ಓಪನ್ ಸ್ಪ್ಯಾನರ್ ಮತ್ತು ಅಡ್ಜಸ್ಟಬಲ್ ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇರಲಿ. ಸಾಕೆಟ್ ಪೂರ್ತಿ ಕೆಳಗೆ ಕೂತಿದೆಯೇ ಎಂದು ನೋಡಿ, ಒಂದು ಕೈಯಲ್ಲಿ ಅದರ ತಲೆ ಒತ್ತಿ ಹಿಡಿಯಿರಿ.

ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ‘ಟಕ್’ ಎಂದು ಬಿಟ್ಟಿತೋ, ಅರ್ಧ ಗೆದ್ದಂತೆ. ಖುಷಿಯಲ್ಲಿ ಒಂದೇ ಸಮನೆ ಬಿಚ್ಚಬೇಡಿ: ಕಾಲು ಸುತ್ತು ಹೊರಗೆ, ಅದರ ಅರ್ಧ ಒಳಗೆ, ನಡುನಡುವೆ ಸ್ಪ್ರೇ. ಕಿರ್ ಎಂದರೆ ಎಣ್ಣೆ ಸಾಲದು. ಸದ್ದೇ ಇಲ್ಲದೆ ಬೋಲ್ಟ್ ರಬ್ಬರಿನಂತೆ ಹೊರಳಿದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ಥ್ರೆಡ್ಡಲ್ಲ, ಬೋಲ್ಟಿನ ಕತ್ತು.

ಹಳೆಯ ಎಂಜಿನ್ ಕವರುಗಳ ಸ್ಟಾರ್ ಸ್ಕ್ರೂಗಳಿಗೆ ಸ್ಕ್ರೂ ಡ್ರೈವರ್ ಸಾಲದು. ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ತನ್ನಿ.

ಇಷ್ಟಕ್ಕೂ ಬಿಡದಿದ್ದರೆ ಬಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಕೇಸನ್ನು. ಕಬ್ಬಿಣದ ಬೋಲ್ಟಿಗೆ ಕಬ್ಬಿಣದ ನಟ್ಟೇ ಇದ್ದರೆ ನಟ್ ಕಾಯಿಸಿ. ಹೀಟ್ ಗನ್ ಸಾಕು. ಸ್ಪ್ರೇ ಹೊತ್ತಿಕೊಳ್ಳುವಂಥದ್ದು, ಮೊದಲು ಪೂರ್ತಿ ಒರೆಸಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರವಿಡಿ. ಆಯಿಲ್ ಸೀಲ್, ಬ್ರೇಕ್ ಹೋಸ್ ಹತ್ತಿರ ಈ ಉಪಾಯ ಬೇಡ. ಸೈಲೆನ್ಸರ್ ಬೆಂಡ್ ಎಂಜಿನ್ನಿಗೆ ಸೇರುವಲ್ಲಿನ ನಟ್ಟುಗಳಿಗೆ ಇನ್ನೂ ಸುಲಭ ದಾರಿಯಿದೆ: ಎಂಜಿನ್ ಐದು ನಿಮಿಷ ಓಡಿಸಿ, ಆಫ್ ಮಾಡಿ, ಕೈಗವಸು ಹಾಕಿ ಬಿಚ್ಚಲು ನೋಡಿ.

ತಲೆ ಸ್ಲಿಪ್ ಆದರೆ, ಕಟ್ ಆದರೆ

ತಲೆ ಉರುಟಾಗಿದ್ದರೆ ಸ್ವಲ್ಪ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ, ಅಥವಾ ಲಾಕಿಂಗ್ ಪ್ಲೈಯರ್ ಹಿಡಿಸಿ. ಅದೂ ಆಗದಿದ್ದರೆ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿಸುವುದೇ ಉತ್ತಮ. ಹಿಡಿಯಲು ಹೊಸ ತಲೆ ಸಿಗುತ್ತದೆ, ವೆಲ್ಡಿಂಗ್ ಬಿಸಿಗೆ ತುಕ್ಕೂ ಸಡಿಲವಾಗುತ್ತದೆ. ಬಿಎಸ್-6 ಗಾಡಿಯಾದರೆ ಬ್ಯಾಟರಿಯ ವೈರ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಪ್ಲಗ್ ಎರಡನ್ನೂ ಮೊದಲೇ ಕಳಚಿ. ಇದನ್ನು ಮರೆತರೆ ಬೋಲ್ಟಿನ ಖರ್ಚು ಇಸಿಯು ಖರ್ಚಾಗುತ್ತದೆ.

ಕೇಸಿನೊಳಗೇ ಕಟ್ ಆದರೆ ಸರಿಯಾದ ನಡುವಿಗೆ ಸೆಂಟರ್ ಪಂಚ್ ಹೊಡೆದು, ಎಂ6ಗೆ 3 ಮಿ.ಮೀ. ಡ್ರಿಲ್‌ನಿಂದ ಶುರು ಮಾಡಬೇಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಎಷ್ಟೋ ಸಲ ಕೊರೆಯುವಾಗಲೇ ತುಂಡು ಈಚೆಗೆ ಬರುತ್ತದೆ. ಎಕ್ಸ್‌ಟ್ರಾಕ್ಟರ್ (ಕೊರೆದ ತೂತಿಗೆ ಹಾಕಿ ತುಂಡನ್ನು ತಿರುಗಿಸಿ ತೆಗೆಯುವ ಉಪಕರಣ) ಬಗ್ಗೆ ಎಚ್ಚರ: ಅದು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯದು. ಕೈ ನಡುಗುವವರು ಈ ಹಂತದಲ್ಲಿ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಲೇತ್ ಅಂಗಡಿಗೆ ಕೊಡುವುದೇ ಲಾಭ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸಿ ಮೊದಲಿನ ಅಳತೆಯ ಬೋಲ್ಟನ್ನೇ ಉಳಿಸಿಕೊಳ್ಳಬಹುದು.

ಮತ್ತೆ ಜೋಡಿಸುವಾಗ ಹಳೆಯ ಬೋಲ್ಟ್ ಬೇಡ. ತೂತಿಗೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿ ಪುಡಿ ತೆಗೆದು, ಹೊಸ ಬೋಲ್ಟಿನ ಥ್ರೆಡ್ಡಿಗೆ ಮತ್ತೆ ಕಚ್ಚದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ತೆಳುವಾಗಿ ಸವರಿ. ಪೇಸ್ಟ್ ಇದ್ದರೆ ಅದೇ ಬಲಕ್ಕೆ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ, ಹಾಗಾಗಿ ಎಂದಿಗಿಂತ ಸ್ವಲ್ಪ ಕಡಿಮೆ ಬಿಗಿ ಸಾಕು. ಬ್ರೇಕ್ ಡಿಸ್ಕಿನ ಬೋಲ್ಟುಗಳಿಗೆ ಮಾತ್ರ ಈ ಪೇಸ್ಟ್ ಮುಟ್ಟಿಸಬೇಡಿ. ಅಲ್ಲಿ ಹಾಕಬೇಕಾದದ್ದು ಬೋಲ್ಟ್ ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್ ಲಾಕರ್.