ನೋವು ಹೋದ ಮೇಲೂ ಬಿಡದ ಮಾತ್ರೆ

ರಾತ್ರಿ ಎರಡು ಗಂಟೆ ಇರಬಹುದು. ಬಲಗಾಲಿನ ಹೆಬ್ಬೆರಳ ಬುಡಕ್ಕೆ ಕೆಂಡ ಇಟ್ಟ ಹಾಗೆ ಉರಿಯಿಂದ ಎಚ್ಚರವಾಯಿತು. ಕೆಂಪಗೆ ಊದಿಕೊಂಡಿತ್ತು. ಹೊದಿಕೆಯ ಅಂಚು ತಾಗಿದರೂ ತಡೆಯಲಾಗುತ್ತಿರಲಿಲ್ಲ. ಅದು ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆ್ಯಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳು ಕಟ್ಟಿ ಬರುವ ನೋವು. ವಾರದಲ್ಲಿ ನೋವು ಇಳಿಯಿತು, ನಾನೂ ಮರೆತೆ. ಎರಡು ವರ್ಷದಲ್ಲಿ ಐದು ಸಲ ಬಂತು.

ಮೊದಲು ಊಟದಲ್ಲೇ ಸರಿಮಾಡಿಕೊಳ್ಳೋಣ ಅಂತ ಹೊರಟೆ. ಬಿಯರ್, ಲಿವರ್, ಸಿಹಿ ಪಾನೀಯ ಎಲ್ಲ ಬಿಟ್ಟೆ. ರಕ್ತದಲ್ಲಿ ಯೂರಿಕ್ ಆ್ಯಸಿಡ್ 9.2 (ಡೆಸಿಲೀಟರಿಗೆ ಮಿ.ಗ್ರಾಂ. ಲೆಕ್ಕ) ಇದ್ದದ್ದು 8.4ಕ್ಕೆ ಬಂತು, ಅಷ್ಟೇ. ಬೇಗ ತೂಕ ಇಳಿಸಲು ಉಪವಾಸ ಮಾಡಿದೆ. ಮೂರನೇ ದಿನಕ್ಕೇ ಬೆರಳು ಊದಿತು. ಹೊಟ್ಟೆ ಖಾಲಿ ಬಿಟ್ಟರೂ ಈ ಆ್ಯಸಿಡ್ ಏರುತ್ತದೆ ಅಂತ ಆಗ ಗೊತ್ತಾಯಿತು. ಆಮೇಲೆ ತೂಕ ನಿಧಾನವಾಗಿಯೇ ಇಳಿಸಿದೆ.

ಡಾಕ್ಟರು ಬಿಡಿಸಿ ಹೇಳಿದರು. ಯೂರಿಕ್ ಆ್ಯಸಿಡ್ ಬಹುಪಾಲು ಮೈಯೊಳಗೇ ತಯಾರಾಗುತ್ತದೆ. ಮೂತ್ರಪಿಂಡ ಸಾಕಷ್ಟು ಹೊರಹಾಕದಿದ್ದರೆ ರಕ್ತದಲ್ಲೇ ಉಳಿಯುತ್ತದೆ. ಸುಮಾರು 6.8 ದಾಟಿದರೆ ಕೀಲಿನಲ್ಲಿ ಹರಳು ಕಟ್ಟಲು ಶುರು. 6ರ ಕೆಳಗೇ ಇಟ್ಟರೆ ಹಳೇ ಹರಳೂ ಕರಗುತ್ತಾ ಬರುತ್ತದೆ. ಅಂದರೆ ಮಾತ್ರೆ ನೋವಿಗಲ್ಲ, ಹರಳಿಗೆ. ಇದು ತಲೆಗೆ ಹೋಗಲು ನನಗೆ ಇಷ್ಟು ದಿನ ಬೇಕಾಯಿತು.

ಯೂರಿಕ್ ಆ್ಯಸಿಡ್ ಇಳಿಸುವ ಮಾತ್ರೆ ಅಲೋಪ್ಯೂರಿನಾಲ್ 100 ಮಿ.ಗ್ರಾಂ.ನಿಂದ ಶುರುವಾಯಿತು. ಕೆಲವು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಅದನ್ನು ನೋಡಿಕೊಂಡು 300ರವರೆಗೆ ಏರಿಸಿದರು. ಮೈಮೇಲೆ ಗುಳ್ಳೆ, ದದ್ದು ಬಂದರೆ ತಕ್ಷಣ ನಿಲ್ಲಿಸಿ ಬನ್ನಿ ಅಂತ ಎಚ್ಚರಿಸಿದ್ದರು. ನನಗೆ ಬರಲಿಲ್ಲ. ಜೊತೆಗೆ ಮೊದಲ ಆರು ತಿಂಗಳಿಗೆ ಕಾಲ್ಚಿಸಿನ್ ಕೊಟ್ಟಿದ್ದರು. ಸುಮ್ನೆ ಯಾಕೆ ಇಷ್ಟು ಮಾತ್ರೆ ಅಂತ ಅದನ್ನು ಬಿಟ್ಟೆ. ಎರಡನೇ ತಿಂಗಳಲ್ಲಿ ಮತ್ತೆ ಜೋರಾಗಿ ನೋವು! ಅಲೋಪ್ಯೂರಿನಾಲ್ ಆಗಿಬರುತ್ತಿಲ್ಲ ಅಂತ ಅದನ್ನೂ ನಿಲ್ಲಿಸುವವನಿದ್ದೆ. ಆದರೆ ಮಟ್ಟ ಇಳಿಯುವಾಗ ಹರಳು ಸಡಿಲವಾಗಿ ಹೀಗಾಗುವುದುಂಟಂತೆ. ಅದನ್ನು ತಡೆಯಲೆಂದೇ ಕಾಲ್ಚಿಸಿನ್ ಕೊಟ್ಟಿದ್ದು. ನಿಮಗೂ ಹೀಗೆ ನೋವು ಮರುಕಳಿಸಿದರೆ ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ನೋವು ಜೋರಾಗಿರುವಾಗ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆ್ಯಸಿಡ್ ಸರಿಯಾಗೇ ಇದೆ ಅಂತ ಬರಬಹುದು. ನನಗೂ ಒಮ್ಮೆ ಬಂತು. ನೋವು ಇಳಿದು ಎರಡು ವಾರದ ಮೇಲೆ ಮತ್ತೆ ಮಾಡಿಸಿದಾಗ ನಿಜ ಗೊತ್ತಾಯಿತು.

ಈಗ ಮಾತ್ರೆ ಡಬ್ಬಿ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇರುತ್ತದೆ. ಮೂರು ವರ್ಷವಾಯಿತು. ಹೋದ ತಿಂಗಳು ಯೂರಿಕ್ ಆ್ಯಸಿಡ್ 5.4 ಇತ್ತು. ಹರಳು ಕಟ್ಟಿ ಮೊಣಕೈ ಮೇಲೆ ಬಟಾಣಿ ಗಾತ್ರದ ಗಟ್ಟಿ ಗಂಟೊಂದಿತ್ತು, ಮೊನ್ನೆ ಸ್ನಾನ ಮಾಡುವಾಗ ಬೆರಳಾಡಿಸಿ ಹುಡುಕಿದೆ, ಸಿಗಲಿಲ್ಲ.