ಎದೆ ಹೊಡೆದುಕೊಂಡರೆ ಮೊದಲು ಇಸಿಜಿ, ಆಮೇಲೆ ಮಾತು

ಬಾಗಲಕೋಟೆಯಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಬಳಿಗೆ, ಹುಟ್ಟಿನಿಂದಲೇ ಹೃದಯದ ತೊಂದರೆಯಿದ್ದು ಎಳವೆಯಲ್ಲಿ ಶಸ್ತ್ರಚಿಕಿತ್ಸೆಯಾದ ಹುಡುಗ ಹುಡುಗಿಯರು ಬರುತ್ತಾರೆ. ಹೆಚ್ಚಿನವರ ದೂರು ಒಂದೇ: ರಾತ್ರಿ ಎದೆ ಡವಡವ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತುವುದಿಲ್ಲ.

ಇದು ಬರೀ ಗಾಬರಿ ಎಂದು ನಾನು ತೀರ್ಮಾನಿಸುವುದಿಲ್ಲ. ಟೆಟ್ರಾಲಜಿ ಆಫ್ ಫಾಲೋಟ್ ಎಂಬ ತೊಂದರೆಗೆ ಚಿಕಿತ್ಸೆ ಪಡೆದವರಲ್ಲಿ ವರ್ಷಗಳು ಕಳೆದ ಮೇಲೆ ಶ್ವಾಸಕೋಶದ ಕಡೆಯ ಕವಾಟ ಸೋರಬಹುದು, ಬಡಿತದ ಲಯ ತಪ್ಪಬಹುದು. ಹಾಗಾಗಿ ಮೊದಲು ಹೃದ್ರೋಗ ತಜ್ಞರಲ್ಲಿಗೆ ಕಳಿಸುತ್ತೇನೆ. ಇಸಿಜಿ, ಎಕೋ ಎಂಬ ಹೃದಯದ ಸ್ಕ್ಯಾನ್, ಬೇಕೆನಿಸಿದರೆ ಹಗಲೂ ರಾತ್ರಿ ಬಡಿತ ದಾಖಲಿಸುವ ಹೋಲ್ಟರ್. ಅದನ್ನು ಕಟ್ಟಿಕೊಂಡ ದಿನ ಎದೆ ಯಾವಾಗ ಹೊಡೆದುಕೊಂಡಿತು, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಗಡಿಯಾರ ನೋಡಿ ಬರೆದಿಡಲು ಹೇಳುತ್ತೇನೆ. ವರದಿ ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುತ್ತೇವೆ. ತಾನು ಸಾಯುತ್ತೇನೆ ಎಂದುಕೊಂಡ ಅದೇ ಹೊತ್ತಿನಲ್ಲಿ ಲಯ ನೆಟ್ಟಗಿತ್ತು ಎಂಬುದನ್ನು ಕಂಡ ಹುಡುಗನ ಮುಖ ನೋಡಬೇಕು! ಆಮೇಲೆಯೇ ಉಸಿರಾಟದ ಅಭ್ಯಾಸ, ಮಾತು, ಉಳಿದೆಲ್ಲ.

ಮನೆಯವರ ಜೊತೆಗಿನ ಕೆಲಸ ಇದಕ್ಕಿಂತ ಕಷ್ಟ. ‘ಓಡಬೇಡ, ಮೆಟ್ಟಿಲು ಹತ್ತಬೇಡ’ ಎಂದೇ ಬೆಳೆಸಿರುತ್ತಾರೆ. ಆ ಅವ್ವಂದಿರನ್ನು ದೂರಲು ನನಗೆ ಮನಸ್ಸಿಲ್ಲ. ಕೂಸು ನೀಲಿಗಟ್ಟಿದ್ದನ್ನು ಕಂಡವರು ಅವರು. ಏನೇನು ಮಾಡಬಹುದು, ಯಾವುದು ಬೇಡ ಎಂದು ವೈದ್ಯರಿಂದಲೇ ಕಾಗದದ ಮೇಲೆ ಬರೆಸಿಕೊಂಡು ಬರಲು ಹೇಳಿ, ಎಲ್ಲರನ್ನೂ ಕೂರಿಸಿ ಓದುತ್ತೇನೆ. ಓದುವವನು ಆ ಹುಡುಗನೇ ಆಗಿರಬೇಕು.

ಹುಡುಗಿಯರ ಸಂಕಟ ಬೇರೆ. ಎದೆಯ ಗಾಯದ ಗುರುತು ಮುಚ್ಚಿ, ವರನ ಕಡೆಯವರಿಗೆ ತಿಳಿಸದೆ ಮದುವೆ ಮಾಡೋಣ ಎಂದು ಹಿರಿಯರು ನನ್ನೆದುರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಸುರಿಯಾದಾಗ ಹೃದ್ರೋಗ ತಜ್ಞರ ನಿಗಾ ಬೇಕು. ಗುಟ್ಟು ಕಾಯುತ್ತ ಆ ಆಸ್ಪತ್ರೆಗೆ ಆಕೆ ಹೇಗೆ ಹೋಗಬೇಕು? ಮದುವೆಗೆ ಮೊದಲೇ ತಜ್ಞರನ್ನು ಕಾಣಿರಿ, ಗಂಡಾಗುವವನನ್ನೂ ಕರೆದೊಯ್ಯಿರಿ ಎನ್ನುತ್ತೇನೆ.

ಖಿನ್ನತೆಗೆ ಮಾತ್ರೆ ಬೇಕಾದವರು ಹೃದಯದ ಫೈಲನ್ನು ಮನೋವೈದ್ಯರಿಗೆ ತಪ್ಪದೆ ತೋರಿಸಬೇಕು. ಎಸ್ಸಿಟಾಲೊಪ್ರಾಮ್‌ನಂಥ ಕೆಲವು ಮಾತ್ರೆಗಳು ಇಸಿಜಿಯಲ್ಲಿ ಕ್ಯೂಟಿ ಅಂತರವನ್ನು, ಅಂದರೆ ಪ್ರತಿ ಬಡಿತದಲ್ಲಿ ಹೃದಯದಲ್ಲಿ ವಿದ್ಯುತ್ ಹರಿದು ಅದು ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತನ್ನು, ಹೆಚ್ಚಿಸಬಲ್ಲವು; ಅದು ಅತಿಯಾದರೆ ಲಯ ತಪ್ಪಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ, ಮನಸ್ಸಿನ ಆರೈಕೆ ಹುಟ್ಟಿನಿಂದ ಹೃದಯದ ತೊಂದರೆಯಿರುವವರ ಚಿಕಿತ್ಸೆಯ ಭಾಗವೇ ಆಗಬೇಕೆಂದು ಹೇಳಿತು. ನಮ್ಮಲ್ಲಿ ಹೃದಯದ ಫೈಲು ಒಂದೂರಿನಲ್ಲಿ, ಮನಸ್ಸಿನ ಫೈಲು ಇನ್ನೊಂದೂರಿನಲ್ಲಿ. ಅದಕ್ಕೇ ಎರಡನ್ನೂ ಒಂದೇ ಚೀಲದಲ್ಲಿ ಇಡಿಸುತ್ತೇನೆ.

ಆ ಚೀಲದಲ್ಲಿ ಎರಡು ನಂಬರು ಬರೆದ ಚೀಟಿಯೂ ಇರುತ್ತದೆ. ರಾತ್ರಿ ದುಗುಡ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಕಣ್ಣು ಕತ್ತಲೆಗಟ್ಟಿದರೆ, ಎಚ್ಚರ ತಪ್ಪಿದರೆ, ಎದೆನೋವು ಬಂದರೆ ನೇರವಾಗಿ 108.