‘ಗೊತ್ತಿಲ್ಲ’ ಎಂಬ ಪುಟವಿರುವ ಪುಸ್ತಕ: ನನ್ನ ಅನುಭವ

ದತ್ತು ವಿಷಯ ಮಗಳಿಗೆ ಹೇಳಲೇಬೇಡ ಎಂದವರು ಹತ್ತು ಜನವಾದರೆ, ಹದಿನೆಂಟು ತುಂಬಲಿ ಎಂದವರು ಇಪ್ಪತ್ತು ಜನ. ‘ಹೇಳಿದ ದಿನವೇ ಕೂಸು ಕೈತಪ್ಪುತ್ತದೆ’ ಎಂದರು ಅತ್ತೆ. ಏಳು ವರ್ಷವಾಯಿತು, ತಪ್ಪಿಲ್ಲ. ಮಗಳು ನಮಗೆ ಸಿಕ್ಕ ಕಥೆಯನ್ನು ನಾನೊಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಈಗ ಅದೇ ಅತ್ತೆ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಲು ಹೊರಡುತ್ತಾರೆ. ಅದು ಅವಳದು, ಅವಳನ್ನು ಕೇಳದೆ ತೆಗೆಯಬೇಡಿ ಎಂದು ನಾನು ತಡೆಯುತ್ತೇನೆ. ಆ ಜಗಳ ಇನ್ನೂ ಮುಗಿದಿಲ್ಲ.

ಸರ್ಕಾರದ ದತ್ತು ಜಾಲತಾಣವಾದ ‘ಕೇರಿಂಗ್ಸ್’ನಲ್ಲಿ ನೋಂದಣಿ, ಅಲ್ಲಿ ತೋರಿಸಿದ ಮಗುವನ್ನು 48 ಗಂಟೆಯೊಳಗೆ ಕಾಯ್ದಿರಿಸುವ ಧಾವಂತ, ಇವೆಲ್ಲ ದತ್ತು ಪಡೆದವರಿಗೆ ಗೊತ್ತಿರುವುದೇ. 2018ರಲ್ಲಿ ನಮಗೆ ಗೃಹ ಅಧ್ಯಯನಕ್ಕೆ, ಅಂದರೆ ನಮ್ಮ ಮನೆ ಪರಿಸ್ಥಿತಿ ನೋಡಿ ವರದಿ ಬರೆಯುವುದಕ್ಕೆ, 6,000, ದತ್ತು ಸಂಸ್ಥೆಗೆ 40,000 ರೂಪಾಯಿ ಆಯಿತು. ನಿಜವಾಗಿ ಹೊಡೆತ ಬಿದ್ದದ್ದು ರಜೆಯಲ್ಲಿ. ದತ್ತು ತಾಯಿಗೆ ಹನ್ನೆರಡು ವಾರ ರಜೆ ಕಾನೂನಿನಲ್ಲಿತ್ತು, ಆದರೆ ಮಗು ಮೂರು ತಿಂಗಳಿಗಿಂತ ಚಿಕ್ಕದಿರಬೇಕಿತ್ತು. ನಮ್ಮವಳಿಗೆ ಮೂರೂವರೆ ವರ್ಷ. ಎರಡು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕುಳಿತೆ.

ಮೊದಲು ಎಲ್ಲರಂತೆ ನಾನೂ ಕೃಷ್ಣನ ಕಥೆ ಹಿಡಿದೆ. ದೇವಕಿ ಹೆತ್ತಳು, ಯಶೋದೆ ಸಾಕಿದಳು. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ರಾತ್ರಿ ಹೊದಿಕೆಯೊಳಗಿಂದ ಪ್ರಶ್ನೆ ಬಂತು: ‘ಮಥುರೆಗೆ ಹೋದ ಮೇಲೆ ಕೃಷ್ಣ ಯಶೋದೆಯ ಮನೆಗೆ ವಾಪಸ್ಸು ಬಂದನೇ?’ ಅವನು ಮತ್ತೆ ಗೋಕುಲದಲ್ಲಿ ಬಂದು ನೆಲೆಸಲಿಲ್ಲ ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಶಾಲೆಯ ಚೀಲದ ತಳದಲ್ಲಿ ಒಂದು ಫ್ರಾಕು, ಒಂದು ಚಡ್ಡಿ, ಹಲ್ಲುಜ್ಜುವ ಬ್ರಷ್. ಅಕ್ರೂರನ ರಥಕ್ಕೆ ಸಿದ್ಧಳಾಗಿ ಕೂತಿದ್ದಳು!

ಆಪ್ತಸಮಾಲೋಚಕರಲ್ಲಿಗೆ ಆರೋ ಏಳೋ ಸಲ ಹೋದೆವು, ಸಲಕ್ಕೆ 1,200. ‘ವಯಸ್ಸಿಗೆ ತಕ್ಕಂತೆ ಹೇಳಿ’ ಎಂಬುದರಾಚೆ ಏನೂ ದಕ್ಕಲಿಲ್ಲ. ಆಮೇಲೆ 3,500 ಸುರಿದು ‘ನೀನು ನಮ್ಮ ಹೃದಯದಲ್ಲಿ ಹುಟ್ಟಿದವಳು’ ಎಂದು ಹೊಳೆಯುವ ಆಲ್ಬಂ ಮಾಡಿಸಿದೆ. ‘ಹೃದಯದಲ್ಲಿ ಮಗು ಹಿಡಿಸುತ್ತದೆಯೇ?’ ಎಂದಳು. ಆಲ್ಬಂ ಅಟ್ಟ ಸೇರಿತು.

ಕೊನೆಗೆ ಕೈಹಿಡಿದದ್ದು ಅರವತ್ತು ರೂಪಾಯಿಯ ಇನ್ನೂರು ಪುಟದ ನೋಟ್‌ಪುಸ್ತಕ. ದತ್ತು ಸಮಯದಲ್ಲಿ ಸಿಕ್ಕ ಮಗುವಿನ ಹಿನ್ನೆಲೆಯ ಅಧ್ಯಯನ ವರದಿ, ವೈದ್ಯಕೀಯ ವರದಿ ಎದುರಿಗಿಟ್ಟುಕೊಂಡು ಇದ್ದದ್ದನ್ನು ಇದ್ದಂತೆ ಬರೆದೆ. ಸಂಸ್ಥೆಗೆ ಬಂದ ದಿನ ತೂಕ ಎರಡು ಕಿಲೋ ಚಿಲ್ಲರೆ. ಅಷ್ಟೇ ಅಕ್ಕಿ ತೂಗಿ ಬಟ್ಟೆಯಲ್ಲಿ ಕಟ್ಟಿ ಅವಳ ಮಡಿಲಿಗಿಟ್ಟೆ. ಅರ್ಧ ಗಂಟೆ ಅದನ್ನು ಕೂಸಿನಂತೆ ತೂಗಿದಳು, ಕೆಳಗಿಡಲೇ ಇಲ್ಲ. ಸಂಸ್ಥೆಯ ಗೇಟು, ತೊಟ್ಟಿಲು, ಅಂಗಳದ ಬೇವಿನ ಮರದ ಫೋಟೊ ತರಲು ಎರಡು ಸಲ ರಾತ್ರಿ ಬಸ್ಸು ಹತ್ತಿದೆ, ನಾಲ್ಕು ಸಾವಿರದಷ್ಟು ಹೋಯಿತು. ಮೊದಲ ಸಲ ಒಳಗೇ ಬಿಡಲಿಲ್ಲ. ಎರಡನೆಯ ಸಲ ಬೇರೆ ಮಕ್ಕಳ ಮುಖ ಬರಕೂಡದು ಎಂಬ ಷರತ್ತಿನ ಮೇಲೆ ಬಿಟ್ಟರು. ಷರತ್ತು ಸರಿಯೇ.

ಹೆತ್ತಮ್ಮನ ಪುಟದಲ್ಲಿ ಇರುವುದು ಇಷ್ಟೇ: ‘ನಿನ್ನನ್ನು ಹೆತ್ತ ಅಮ್ಮ ಒಬ್ಬರಿದ್ದಾರೆ. ಹೆಸರು ಗೊತ್ತಿಲ್ಲ. ಯಾಕೆ ಬಿಟ್ಟರೋ ಗೊತ್ತಿಲ್ಲ.’ ಬಡತನ ಎಂದು ಊಹಿಸಿ ಬರೆಯಲಿಲ್ಲ. ಪ್ರೀತಿಯಿಂದಲೇ ಬಿಟ್ಟರು ಎಂದಂತೂ ಬರೆಯಲೇ ಇಲ್ಲ. ಪ್ರೀತಿಸುವವರು ಬಿಟ್ಟುಹೋಗುತ್ತಾರೆ ಎಂದರೆ ಮುಂದಿನ ಸರದಿ ನಮ್ಮದೇ ಅಲ್ಲವೇ? ಅದರ ಮುಂದಿನ ಪುಟದಲ್ಲಿ ಏನಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಓದುವ ಹೊತ್ತಿನದೂ ಒಂದು ಗುಟ್ಟಿದೆ. ಮಲಗುವ ಹೊತ್ತಂತೂ ಅಲ್ಲ. ನಾಲ್ಕು ತಿಂಗಳಿಗೆ ಚೀಲದ ಫ್ರಾಕು ತಾನಾಗಿ ಬೀರುವಿಗೆ ಮರಳಿತು. ಬ್ರಷ್ ಇನ್ನೊಂದು ತಿಂಗಳು ತೆಗೆದುಕೊಂಡಿತು.

ಇದೇ ಧೈರ್ಯದಲ್ಲಿ ಶಾಲೆಯ ಮೇಲೂ ಕೈ ಹಾಕಿದೆ. ಮೂರನೆಯ ತರಗತಿಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ‘ನಿಮ್ಮ ಹೆಸರೇ ಬರೆಸಿ, ಯಾರಿಗೆ ಗೊತ್ತಾಗುತ್ತದೆ’ ಎಂದರು ಶಿಕ್ಷಕಿ. ಅವಳಿಗೇ ಗೊತ್ತಿದೆಯಲ್ಲ! 1992ರಲ್ಲಿ ಭಾರತ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಎಂಟನೆಯ ವಿಧಿ, ಅಂದರೆ ಗುರುತು ಉಳಿಸಿಕೊಳ್ಳುವ ಹಕ್ಕು, ಉಲ್ಲೇಖಿಸಿ ಪತ್ರ ಬರೆದೆ. ಉತ್ತರವಿಲ್ಲ. ಎರಡನೆಯ ಪತ್ರಕ್ಕೆ ಅಜ್ಜಿಯ ಬಳಿ ಬೆಳೆಯುತ್ತಿರುವ ಹುಡುಗನ ಅಜ್ಜಿ, ಒಂಟಿ ತಾಯಿಯೊಬ್ಬರು ಕೂಡಿ ಸಹಿ ಹಾಕಿದರು. ಮುಂದಿನ ವರ್ಷ ‘ನನ್ನ ಜೊತೆಯವರು’ ಎಂಬ ಚಿತ್ರ ಬರೆಯಲು ಕೊಟ್ಟರು. ವಿಧಿಗಿಂತ ಅಜ್ಜಿಯ ಹೆಬ್ಬೆಟ್ಟು ಕೆಲಸ ಮಾಡಿತೆಂದು ನನ್ನ ಅನುಮಾನ.

ಇಲ್ಲಿಯವರೆಗೆ ದತ್ತು ಮಕ್ಕಳಿರುವ ಹನ್ನೆರಡು ಹದಿಮೂರು ಮನೆಗಳಿಗೆ ಇಂಥ ಪುಸ್ತಕ ಮಾಡಿಸಿದ್ದೇನೆ. ದತ್ತು ವಿಷಯ ಹದಿಮೂರು ವರ್ಷ ಮುಚ್ಚಿಟ್ಟು ಆಮೇಲೆ ನನ್ನ ಬಳಿ ಬಂದವರ ಒಂದು ಮನೆಯಲ್ಲಿ ಹುಡುಗ ಅದನ್ನು ಗೋಡೆಗೆ ಎಸೆದ. ಅಲ್ಲಿ ನನ್ನ ವಿದ್ಯೆ ನಡೆಯಲಿಲ್ಲ.

ಹದಿನೆಂಟು ತುಂಬಿದ ಮೇಲೆ ಮೂಲ ಶೋಧಕ್ಕೆ, ಅಂದರೆ ತನ್ನ ಹುಟ್ಟಿನ ಮೂಲ ತಿಳಿಯಲು, ತಾನೇ ಅರ್ಜಿ ಹಾಕಬಹುದು, ಆದರೆ ಹೆತ್ತವರ ಗೋಪ್ಯತೆಗೂ ಕಾನೂನಿನಲ್ಲಿ ಜಾಗವಿದೆ ಎಂದು ಹೋದ ತಿಂಗಳು ಮಗಳಿಗೆ ಹೇಳಿದೆ. ‘ಗೊತ್ತಿಲ್ಲ’ ಎಂಬುದರ ಕೆಳಗೆ ಪೆನ್ಸಿಲಿನಲ್ಲಿ ‘ಕೇಳಬಹುದು’ ಎಂದು ಸೇರಿಸಿದಳು. ಪೆನ್ನು ಕೊಟ್ಟೆ, ಬೇಡವೆಂದಳು.

ಮಾಡಹೊರಡುವವರಿಗೆ ಒಂದು ಮಾತು: ಫೋಟೊ ಅಂಟಿಸಲು ನೀರು ಗೋಂದು ಬೇಡ, ಪುಟ ಉಬ್ಬುತ್ತದೆ. ನಮ್ಮ ಬೇವಿನ ಮರ ಹಾಗೆಯೇ ಸುಕ್ಕಾಗಿದೆ.